ಗೊಬ್ಬರದ ಗಾಳಿ ಹಾರಿಹೋಗದ ಹಾಗೆ: ಕೊಟ್ಟಿಗೆಯಿಂದ ಹೊಲದವರೆಗೆ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕೆಂಪು ಲಿಟ್ಮಸ್ ಕಾಗದದ ಒಂದು ಚೂರನ್ನು ನೀರಿನಲ್ಲಿ ಅದ್ದಿ, ಈಗಷ್ಟೇ ಕೆದಕಿದ ತಿಪ್ಪೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಗೊಬ್ಬರಕ್ಕೆ ತಾಗಿಸಬೇಡಿ. ಸ್ವಲ್ಪ ಹೊತ್ತಿಗೆ ಕಾಗದದ ಅಂಚಿನಲ್ಲಿ ನೀಲಿ ಹತ್ತಿಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ನಡುವಿಗೆ ಹಬ್ಬುತ್ತದೆ. ಒದ್ದೆಯಾದ ಕೋಳಿ ಗೊಬ್ಬರವಾದರೆ ಇನ್ನೂ ಬೇಗ. ಆ ನೀಲಿ ಮಾಡಿದ್ದು ಅಮೋನಿಯಾ. ಅಮೋನಿಯಾ ಅಂದರೆ ಸಾರಜನಕ. ಆಮೇಲೆ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀವಲ್ಲ ಯೂರಿಯಾ, ಅದರಲ್ಲಿರುವ ಸಾರಜನಕವೇ ಇಲ್ಲಿ ಪುಕ್ಕಟೆ ಗಾಳಿಗೆ ಹೋಗ್ತಾ ಇರುತ್ತದೆ.

ಎಷ್ಟು ಹೋಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಸಗಣಿ, ಗಂಜಲ ಸೇರಿದ ದನದ ಬಗ್ಗಡದಲ್ಲಿ ಸಾವಿರ ಲೀಟರಿಗೆ ಸುಮಾರು 3 ಕೆಜಿ ಸಾರಜನಕ ಇರುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರಲ್ಲಿ ಕರಗಿದ ಅಮೋನಿಯಂ ರೂಪದಲ್ಲಿ, ಅಮೋನಿಯಾ ಆಗಿ ಹಾರಲು ರೆಡಿಯಾಗಿ ಕೂತಿರುತ್ತದೆ. 10,000 ಲೀಟರಿನ ಒಂದು ಟ್ಯಾಂಕರ್ ಚೆಲ್ಲಿದರೆ 30 ಕೆಜಿ ಸಾರಜನಕ ಹೊಲಕ್ಕೆ ಬಿತ್ತು, ಅದರಲ್ಲಿ 15 ಕೆಜಿ ಹಾರುವ ಜಾತಿಯದ್ದು. ಬಿಸಿಲು ಗಾಳಿಗೆ ಅದರ ಅರ್ಧ ಹೋದರೂ ಏಳೂವರೆ ಕೆಜಿ ಹೋಯ್ತು. 16 ಕೆಜಿ ಯೂರಿಯಾದಲ್ಲಿ ಇರುವುದು ಅಷ್ಟೇ. ಒಂದು ಟ್ಯಾಂಕರಿಗೆ ಇಷ್ಟು.

ಗೊಬ್ಬರದಿಂದ ಮುಖ್ಯವಾಗಿ ನಾಲ್ಕು ಅನಿಲ ಏಳುತ್ತವೆ. ನಾಲ್ಕೂ ಬೇರೆ ಬೇರೆ ಕಾರಣಕ್ಕೆ. ಇದು ಗೊತ್ತಿಲ್ಲದೆ ಒಂದನ್ನು ತಡೆಯಲು ಹೋದರೆ ಇನ್ನೊಂದು ಜಾಸ್ತಿಯಾಗುತ್ತದೆ, ಹಾಗಾಗಿ ಎರಡು ನಿಮಿಷ ಇಲ್ಲಿ ನಿಲ್ಲಿ.

ಅಮೋನಿಯಾ ಮೇಲ್ಮೈಯಿಂದ ಏಳುತ್ತದೆ. ಬಿಸಿ, ಗಾಳಿ, ಕ್ಷಾರ, ಅಗಲವಾಗಿ ಹರಡಿದ ಮೈ: ಈ ನಾಲ್ಕು ಸಿಕ್ಕರೆ ಓಟ ಕೀಳುತ್ತದೆ. ಮೀಥೇನ್ ಹುಟ್ಟುವುದು ಗಾಳಿ ಆಡದ ಕಡೆ, ಅಂದರೆ ಬಗ್ಗಡದ ಗುಂಡಿಯ ಒಳಗೆ, ಒದ್ದೆಯಾಗಿ ಒತ್ತಿಕೊಂಡ ತಿಪ್ಪೆಯ ಹೊಟ್ಟೆಯಲ್ಲಿ. ಬಿಸಿ ಹೆಚ್ಚಾದಷ್ಟೂ ಅದರ ಕೆಲಸ ಜೋರು. ನೈಟ್ರಸ್ ಆಕ್ಸೈಡ್‌ದು ಸ್ವಲ್ಪ ಎಡವಟ್ಟು ಸ್ವಭಾವ: ಪೂರ್ತಿ ಗಾಳಿಯೂ ಇಲ್ಲ, ಪೂರ್ತಿ ಉಸಿರುಗಟ್ಟಿದ್ದೂ ಅಲ್ಲ, ಅಂಥ ಅರೆಬರೆ ಜಾಗದಲ್ಲಿ ಏಳುತ್ತದೆ. ನಾಲ್ಕನೆಯದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು. ಇದು ಹವಾಮಾನದ ಸಮಸ್ಯೆ ಅಲ್ಲ, ಜೀವ ತೆಗೆಯುವ ಸಮಸ್ಯೆ. ಅದಕ್ಕೆ ಕೆಳಗೆ ಪ್ರತ್ಯೇಕವಾಗಿ ಬರುತ್ತೇನೆ.

ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿಯ ಪ್ರಕಾರ 100 ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ನೈಟ್ರಸ್ ಆಕ್ಸೈಡ್ 273 ಪಟ್ಟು. ಅಮೋನಿಯಾ ತಾನಾಗಿ ಹಸಿರುಮನೆ ಅನಿಲ ಅಲ್ಲ. ಆದರೆ ಅದು ಗಾಳಿಯಲ್ಲಿ ಬೇರೆ ಆಮ್ಲಗಳ ಜೊತೆ ಸೇರಿ ಸಣ್ಣ ದೂಳಿನ ಕಣವಾಗಿ ನಮ್ಮ ಶ್ವಾಸಕೋಶಕ್ಕೆ ಇಳಿಯುತ್ತದೆ, ಇಲ್ಲಾ ಎಲ್ಲೋ ನೆಲಕ್ಕೆ ಬಿದ್ದು ಅಲ್ಲಿ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗುತ್ತದೆ. ಸುತ್ತಿ ಬಳಸಿ ಅಲ್ಲಿಗೇ ಬಂತು.

ಸರಿ, ಕೆಲಸಕ್ಕೆ ಬರೋಣ.

ಹೆಜ್ಜೆ 1: ಕೊಟ್ಟಿಗೆಯ ನೆಲದಿಂದ ಶುರು ಮಾಡಿ

ತುಂಬಾ ಜನ ತಿಪ್ಪೆಯಿಂದ ಶುರು ಮಾಡುತ್ತಾರೆ. ಅಷ್ಟೊತ್ತಿಗೆ ಅರ್ಧ ಆಟ ಮುಗಿದಿರುತ್ತದೆ. ದನದ ಸಾರಜನಕದಲ್ಲಿ ದೊಡ್ಡ ಪಾಲು ಗಂಜಲದಲ್ಲಿ ಯೂರಿಯಾ ಆಗಿ ಬರುತ್ತದೆ. ಯೂರಿಯಾ ತಾನಾಗಿ ಹಾರುವುದಿಲ್ಲ. ಸಗಣಿಯಲ್ಲಿ ಯೂರಿಯೇಸ್ ಅನ್ನೋ ಕಿಣ್ವ ಇದೆ. ಗಂಜಲಕ್ಕೆ ಸಗಣಿ ತಾಗಿತೋ, ಕೆಲವೇ ಗಂಟೆಗಳಲ್ಲಿ ಆ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಬಿಡುತ್ತದೆ. ಅಂದರೆ ಇವೆರಡನ್ನೂ ಆದಷ್ಟು ಬೇಗ ದೂರ ಮಾಡಬೇಕು.

ನೆಲಕ್ಕೆ ಸಣ್ಣ ಇಳಿಜಾರು ಕೊಡಿ, ಗಂಜಲ ಕಾಲುವೆಯಲ್ಲಿ ಹರಿದು ಮುಚ್ಚಳ ಇರುವ ತೊಟ್ಟಿಗೆ ಹೋಗಲಿ. ನೆಲದಲ್ಲಿ ಗುಳಿ ಬಿದ್ದಿದ್ದರೆ ಮೊದಲು ಅದನ್ನು ಮುಚ್ಚಿ. ಗಂಜಲ ನಿಲ್ಲುವ ಒಂದೊಂದು ಗುಳಿಯೂ ಒಂದೊಂದು ಅಮೋನಿಯಾ ಕಾರ್ಖಾನೆ. ದಿನಕ್ಕೆ ಒಂದು ಸಲ ಬಳಿಯುವ ಬದಲು ಎರಡು ಮೂರು ಸಲ ಬಳಿಯಿರಿ. ಇಳಿಜಾರು ಮಾಡಲು ಆಗದಿದ್ದರೆ ಒಣ ಹುಲ್ಲು, ಮರದ ಪುಡಿ, ತೆಂಗಿನ ನಾರಿನ ಪುಡಿ ಧಾರಾಳವಾಗಿ ಹಾಸಿ. ಅದು ಗಂಜಲ ಹೀರುತ್ತದೆ, ಮೇಲಾಗಿ ಮುಂದೆ ತಿಪ್ಪೆಗೆ ಬೇಕಾದ ಇಂಗಾಲವೂ ಅದರಿಂದಲೇ ಸಿಗುತ್ತದೆ.

ಇನ್ನೊಂದು, ಮೇವು. ಹಿಂಡಿ ಜಾಸ್ತಿ ಹಾಕಿದರೆ ಹಾಲು ಜಾಸ್ತಿ ಅನ್ನೋ ನಂಬಿಕೆ ಇದೆಯಲ್ಲ, ಒಂದು ಹಂತ ದಾಟಿದ ಮೇಲೆ ಆ ಪ್ರೋಟೀನ್ ಹಾಲಿಗೆ ಹೋಗಲ್ಲ, ಗಂಜಲಕ್ಕೆ ಹೋಗುತ್ತದೆ. ಮೇವಿನಲ್ಲಿ ಪ್ರೋಟೀನ್ ಅಂಶ, ಅಂದರೆ ಉದಾಹರಣೆಗೆ ನೂರಕ್ಕೆ 17 ಇದ್ದಿದ್ದು 16ಕ್ಕೆ ಇಳಿದರೆ, ಅಮೋನಿಯಾ ಶೇಕಡಾ 5ರಿಂದ 15ರಷ್ಟು ಕಡಿಮೆಯಾಗುತ್ತದೆ. ಆದರೆ ಕಣ್ಣಂದಾಜಿನಲ್ಲಿ ಇಳಿಸಬೇಡಿ. ಪಶುವೈದ್ಯರನ್ನೋ ಮೇವಿನ ಲೆಕ್ಕ ಗೊತ್ತಿರುವವರನ್ನೋ ಕೇಳಿ ಇಳಿಸಿ.

ಕೋಳಿ ಸಾಕುವವರಿಗೆ ಒಂದೇ ಮಾತು: ಒಣಗಿಸಿ ಇಡಿ. ಕೋಳಿಯಲ್ಲಿ ಯೂರಿಯಾ ಬದಲು ಯೂರಿಕ್ ಆಮ್ಲ ಇರುತ್ತದೆ, ಅದು ಒಡೆಯಲು ನೀರು ಬೇಕು. ಕೋಳಿ ನೀರು ಕುಡಿಯುವ, ಸೋರುವ ಒಂದು ನಿಪ್ಪಲ್ಲನ್ನು ಸರಿ ಮಾಡಿಸಿದರೆ ಶೆಡ್ಡಿನ ಗಾಟು ಎಷ್ಟು ಇಳಿಯುತ್ತದೆ ಅಂತ ಮರುವಾರವೇ ಮೂಗಿಗೆ ಗೊತ್ತಾಗುತ್ತದೆ.

ಹೆಜ್ಜೆ 2: ತಿಪ್ಪೆ ಇಡುವವರಿಗೆ

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಸುಮ್ನೆ ಕೆಲವು ವಾರ ಇಟ್ಟು ಹೊಲಕ್ಕೆ ಒಯ್ಯಬೇಕಾ, ಇಲ್ಲಾ ಕಾಂಪೋಸ್ಟ್ ಮಾಡಬೇಕಾ? ಎರಡಕ್ಕೂ ದಾರಿ ಬೇರೆ. ನಡುವೆ ನಿಂತರೆ ಎರಡರ ಕೆಟ್ಟದ್ದೂ ಸಿಗುತ್ತದೆ.

ಸುಮ್ನೆ ಇಡುವುದಾದರೆ ಎತ್ತರವಾಗಿ, ಬಿಗಿಯಾಗಿ ರಾಶಿ ಹಾಕಿ. ಅಗಲವಾಗಿ ಹರಡಬೇಡಿ, ಮೈ ಜಾಸ್ತಿ ಇದ್ದಷ್ಟೂ ಹಾರುವ ಜಾಗ ಜಾಸ್ತಿ. ಮೇಲೆ ಟಾರ್ಪಾಲು ಎಳೆದು, ಅಂಚಿಗೆ ಮಣ್ಣು ಇಲ್ಲಾ ಹಳೇ ಟೈರ್ ಇಡಿ. ಮಳೆ ನೀರು ಒಳಗೆ ಇಳಿಯಬಾರದು, ಕೆಳಗಿಂದ ರಸ ಸೋರಿ ಹೋಗಬಾರದು. ತುಂಬಾ ದಿನ ಹಾಗೇ ಬಿಡಬೇಡಿ, ಒದ್ದೆ ರಾಶಿ ಮುಚ್ಚಿಕೊಂಡೇ ಇದ್ದರೆ ಒಳಗೆ ಮೀಥೇನ್ ಶುರುವಾಗುತ್ತದೆ.

ಕಾಂಪೋಸ್ಟ್ ಆದರೆ ಗಾಳಿ ಬೇಕು. ಇಂಗಾಲ ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇರಲಿ, ತೇವ ನೂರಕ್ಕೆ 50ರಿಂದ 60. ಇದನ್ನು ಅಳೆಯಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿಕೊಂಡು, ಕೈ ಬಿಚ್ಚಿದಾಗ ಉಂಡೆ ಹಾಗೇ ನಿಂತರೆ ಸರಿಯಾಗಿದೆ. ಧಾರೆ ಇಳಿದರೆ ಒಣ ಹುಲ್ಲು ಸೇರಿಸಿ, ಉಂಡೆಯೇ ಆಗದೆ ಉದುರಿದರೆ ನೀರು ಚಿಮುಕಿಸಿ. ಕಣ್ಣು ಚುರುಗುಟ್ಟುವ ಗಾಟು ಬಂದರೆ ಇಂಗಾಲ ಸಾಲದು ಅಂತ ಅರ್ಥ. ಹಸಿ ಗೊಬ್ಬರಕ್ಕೆ ಹುಲ್ಲೋ ಮರದ ಪುಡಿಯೋ ಬೆರೆಸಿ.

ತಿರುವಿ ಹಾಕುವ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ತಿರುವಿದರೆ ಗಾಳಿ ಆಡಿ ಮೀಥೇನ್ ಇಳಿಯುತ್ತದೆ, ಆದರೆ ಬಿಸಿ ರಾಶಿಯನ್ನು ಬಿಚ್ಚಿದ ಕೂಡಲೇ ಅಮೋನಿಯಾ ಭುಗ್ಗಂತ ಏಳುತ್ತದೆ. ನಾನು ಮಾಡುವುದು ಇಷ್ಟು: ಮೊದಲಿಗೇ ಹುಲ್ಲು ಜಾಸ್ತಿ ಹಾಕಿ ರಾಶಿಯನ್ನು ಸಡಿಲವಾಗಿ ಕಟ್ಟಿ, ತಿರುವಿ ಹಾಕುವುದನ್ನು ಎರಡು ಮೂರು ಸಲಕ್ಕೆ ನಿಲ್ಲಿಸುತ್ತೇನೆ, ಪ್ರತಿ ಸಲ ತಿರುವಿದ ಮೇಲೆ ಹಳೇ ಕಾಂಪೋಸ್ಟನ್ನು ಒಂದು ಪದರ ಹೊದಿಸುತ್ತೇನೆ. ಆ ಹೊದಿಕೆ ಏಳುವ ಅಮೋನಿಯಾವನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ.

ಹಸಿ ಗೊಬ್ಬರಕ್ಕೆ ಸುಣ್ಣ, ಒಲೆ ಬೂದಿ ಹಾಕಬೇಡಿ. ವಾಸನೆ ಹೋಗುತ್ತದೆ ಅಂತ ಹಾಕುತ್ತಾರೆ. ಎರಡೂ ಕ್ಷಾರ. ಹುಳಿ-ಕ್ಷಾರ ಅಳೆಯುವ ಅಂಕಿ ಪಿಎಚ್; ಅದು 7 ಇದ್ದಾಗ ಅಮೋನಿಯಾದ ನೂರರಲ್ಲಿ ಒಂದು ಭಾಗವೂ ಅನಿಲವಾಗಿ ಇರುವುದಿಲ್ಲ, ಉಳಿದದ್ದೆಲ್ಲ ಅಮೋನಿಯಂ ಆಗಿ ನೀರಲ್ಲಿ ಕರಗಿರುತ್ತದೆ. ಪಿಎಚ್ 9 ಮುಟ್ಟಿದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅನಿಲವಾಗಿಬಿಡುತ್ತದೆ. ಬೂದಿ ಬೇಕಿದ್ದರೆ ಬೇರೆ ಇಟ್ಟುಕೊಂಡು ನೇರವಾಗಿ ಮಣ್ಣಿಗೆ ಹಾಕಿ.

ಹೆಜ್ಜೆ 3: ಬಗ್ಗಡದ ಗುಂಡಿ ಇರುವವರಿಗೆ

ಮುಚ್ಚಿ. ಇದಕ್ಕಿಂತ ದೊಡ್ಡ ಸಲಹೆ ಇಲ್ಲ.

ಯಾವುದರಿಂದ ಮುಚ್ಚಬೇಕು ಅನ್ನೋದು ನಿಮ್ಮ ಜೇಬಿಗೆ ಬಿಟ್ಟಿದ್ದು. ದನದ ಬಗ್ಗಡದಲ್ಲಿ ನಾರು ಇರುವುದರಿಂದ ಕೆಲವು ದಿನ ಕಲಕದೆ ಬಿಟ್ಟರೆ ಮೇಲೆ ತಾನಾಗೇ ಹೆಕ್ಕಳೆ ಕಟ್ಟುತ್ತದೆ. ನೋಡಲು ಅಸಹ್ಯ, ಆದರೆ ಒಳ್ಳೇ ಮುಚ್ಚಳ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 2014ರಲ್ಲಿ ತಂದ ಅಮೋನಿಯಾ ಮಾರ್ಗದರ್ಶಿಯಲ್ಲಿ ಇಂಥ ಹೆಕ್ಕಳೆಗೆ ಶೇಕಡಾ 40ರಷ್ಟು ಉಳಿತಾಯ ಅಂತ ಕೊಟ್ಟಿದ್ದಾರೆ, ಗಟ್ಟಿ ಮುಚ್ಚಳ ಅಥವಾ ಚಾವಣಿಗೆ ಶೇಕಡಾ 80. ಹೆಕ್ಕಳೆಯಲ್ಲಿ ಇನ್ನೊಂದು ಲಾಭ ಇದೆ, ಅದರ ಬಿರುಕುಗಳಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಹಾಗಾಗಿ ಅದನ್ನು ದಿನಾ ಕೋಲಿನಿಂದ ಚುಚ್ಚಿ ಒಡೆಯೋ ಚಾಳಿ ಬಿಡಿ. ಹೊಸ ಬಗ್ಗಡವನ್ನು ಮೇಲಿಂದ ಸುರಿಯದೆ, ಪೈಪನ್ನು ಕೆಳಗೆ ಇಳಿಸಿ ತಳದಿಂದ ತುಂಬಿ. ಹಂದಿ ಬಗ್ಗಡ ತೆಳ್ಳಗಿರುತ್ತದೆ, ಅದರಲ್ಲಿ ಹೆಕ್ಕಳೆ ಸರಿಯಾಗಿ ಕಟ್ಟಲ್ಲ. ಕತ್ತರಿಸಿದ ಹುಲ್ಲನ್ನು ದಪ್ಪಗೆ ತೇಲಿಬಿಡಬಹುದು, ಇಲ್ಲಾ ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳನ್ನು ತೇಲಿಬಿಡಬಹುದು.

ಹೊಸದಾಗಿ ಗುಂಡಿ ತೆಗೆಸುವವರು ಅಗಲಕ್ಕಿಂತ ಆಳಕ್ಕೆ ಹೋಗಿ. ಅಷ್ಟೇ ಬಗ್ಗಡ, ಕಡಿಮೆ ಮೈ.

ಮೀಥೇನಿಗೆ ಮದ್ದು ಬೇರೆ. ಅದು ಒಳಗೆ ಹುಟ್ಟುತ್ತದೆ, ಬಿಸಿ ಮತ್ತು ಸಮಯ ಎರಡೂ ಬೇಕು ಅದಕ್ಕೆ. ಬೇಸಿಗೆ ಶುರುವಾಗುವ ಮೊದಲು ಗುಂಡಿ ಖಾಲಿ ಮಾಡಿ, ತಳದಲ್ಲಿ ಕೂತ ಹಳೇ ಗಸಿಯನ್ನೂ ಆದಷ್ಟು ತೆಗೆಸಿ. ಆ ಗಸಿ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಮೀಥೇನ್ ಮಾಡುವ ಜೀವಿಗಳು ಅದರಲ್ಲಿ ಬೆಚ್ಚಗೆ ಕೂತಿರುತ್ತವೆ, ಹೊಸ ಬಗ್ಗಡ ಬಿದ್ದ ಕೂಡಲೇ ಕೆಲಸಕ್ಕೆ ಇಳಿಯುತ್ತವೆ.

ಬಗ್ಗಡಕ್ಕೆ ಗಂಧಕಾಮ್ಲ ಹಾಕಿ ಪಿಎಚ್ ಇಳಿಸುವ ಪದ್ಧತಿ ಡೆನ್ಮಾರ್ಕಿನಲ್ಲಿ ಇದೆ. ಕೆಲಸ ಮಾಡುತ್ತದೆ. ಆದರೆ ಅಲ್ಲಿ ಅದಕ್ಕೇ ಮಾಡಿದ ಯಂತ್ರ, ತರಬೇತಿ ಪಡೆದ ಜನ ಇರುತ್ತಾರೆ. ಮನೆಯಲ್ಲಿ ಕ್ಯಾನ್ ತಂದು ಸುರಿಯಲು ಹೋಗಬೇಡಿ, ಬಗ್ಗಡ ನೊರೆ ಉಕ್ಕಿ ಹೈಡ್ರೋಜನ್ ಸಲ್ಫೈಡನ್ನು ಮುಖಕ್ಕೇ ಉಗುಳುತ್ತದೆ.

ಗುಂಡಿ ಕಲಕುವ ದಿನ: ಇದನ್ನು ಬಿಟ್ಟು ಮುಂದೆ ಓದಬೇಡಿ

ಹೈಡ್ರೋಜನ್ ಸಲ್ಫೈಡ್ ಬಗ್ಗಡದೊಳಗೆ ಗುಳ್ಳೆಗಳಾಗಿ ಸಿಕ್ಕಿಕೊಂಡಿರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಗುಂಡಿಯನ್ನು ಕಲಕಿದ ಕೂಡಲೇ ಒಂದೇ ಸಲಕ್ಕೆ ಹೊರಗೆ ಬರುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಗ್ಗಿನಲ್ಲಿ, ಗುಂಡಿಯ ಒಳಗೆ, ಕೊಟ್ಟಿಗೆಯ ಮೂಲೆಯಲ್ಲಿ ಮಡುಗಟ್ಟುತ್ತದೆ.

ಮೋಸ ಏನು ಗೊತ್ತಾ? ಸ್ವಲ್ಪ ಇದ್ದಾಗ ಮೂಗಿಗೆ ಗಬ್ಬು ಹೊಡೆಯುತ್ತದೆ. ಹತ್ತು ಲಕ್ಷ ಭಾಗದಲ್ಲಿ 100 ಭಾಗ ತಲುಪಿದ ಮೇಲೆ ಮೂಗಿನ ಶಕ್ತಿಯೇ ಹೋಗಿಬಿಡುತ್ತದೆ. ವಾಸನೆ ನಿಂತಿತು, ಗಾಳಿ ಶುದ್ಧವಾಯಿತು ಅಂದುಕೊಂಡು ಒಳಗೆ ಕಾಲಿಡುತ್ತಾರೆ. 500 ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಸಾವಿರದ ಹತ್ತಿರ ಒಂದೆರಡು ಉಸಿರು ಸಾಕು. ಒಬ್ಬ ಬಿದ್ದದ್ದು ನೋಡಿ ಎತ್ತಲು ಇಳಿದ ಅಣ್ಣನೋ ಮಗನೋ ಕೂಡ ಅಲ್ಲೇ ಬೀಳುತ್ತಾರೆ. ಇಂಥ ಅಪಘಾತಗಳಲ್ಲಿ ಒಂದೇ ಮನೆಯ ಎರಡು ಮೂರು ಜನ ಹೋಗುವುದು ಇದೇ ಕಾರಣಕ್ಕೆ.

ಹಾಗಾಗಿ ಕಲಕುವ ದಿನ ಗಾಳಿ ಚೆನ್ನಾಗಿ ಬೀಸುತ್ತಿರಲಿ (ಚೆಲ್ಲುವ ದಿನಕ್ಕೆ ಇದರ ಉಲ್ಟಾ, ಮುಂದೆ ಹೇಳುತ್ತೇನೆ). ದನಗಳನ್ನು ಹೊರಗೆ ಕಟ್ಟಿ. ಬಾಗಿಲು ಕಿಟಕಿ ಎಲ್ಲ ತೆರೆಯಿರಿ. ಮೋಟಾರ್ ಚಾಲೂ ಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಬಾರದು, ಮಕ್ಕಳಂತೂ ಆ ದಿಕ್ಕಿಗೇ ಬರಬಾರದು. ಬೀಡಿ, ಬೆಂಕಿ, ವೆಲ್ಡಿಂಗ್ ಬೇಡ: ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಇದ್ದರೆ ಒಂದು ಕಿಡಿ ಸಾಕು. ಮುಚ್ಚಿದ ಗುಂಡಿಗೆ, ಖಾಲಿ ಇದ್ದರೂ, ಯಾವ ಕಾರಣಕ್ಕೂ ಇಳಿಯಬೇಡಿ. ಬಿದ್ದದ್ದು ಬಕೆಟ್ಟೇ ಆಗಲಿ, ಮೊಬೈಲೇ ಆಗಲಿ, ಕರುವೇ ಆಗಲಿ. ಉಸಿರಾಟದ ಸಿಲಿಂಡರ್ ಇರುವ ಅಗ್ನಿಶಾಮಕದವರನ್ನು ಕರೆಯಿರಿ.

ಗೋಬರ್ ಗ್ಯಾಸ್ ಇದ್ದರೆ

ಮೀಥೇನನ್ನು ತಡೆಯುವ ಬದಲು ಹಿಡಿದು ಉರಿಸಿಬಿಡುವುದು ಒಳ್ಳೇ ದಾರಿ. ಒಂದು ಕೆಜಿ ಹಸಿ ಸಗಣಿಯಿಂದ 40 ಲೀಟರ್ ಹತ್ತಿರ ಗ್ಯಾಸ್ ಸಿಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಆದರೆ ಎರಡು ಕಡೆ ಜನ ಮೈಮರೆಯುತ್ತಾರೆ. ಒಂದು, ಸೋರಿಕೆ. ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಅಲ್ಲಿ ತೂತಿದೆ. ಇನ್ನೊಂದು, ಹೊರಗೆ ಬರುವ ಬಗ್ಗಡ. ಗ್ಯಾಸ್ ಮುಗಿಯಿತು ಅಂತ ಅದನ್ನು ತೆರೆದ ಹೊಂಡದಲ್ಲಿ ಬಿಡುತ್ತಾರೆ. ನಿಜ ಏನೆಂದರೆ ಅದರಲ್ಲಿ ಅಮೋನಿಯಂ ಪಾಲು ಹಸಿ ಸಗಣಿಗಿಂತ ಜಾಸ್ತಿ, ಪಿಎಚ್ಚೂ ಜಾಸ್ತಿ. ಹಾರಲು ಇನ್ನೂ ಸುಲಭ. ಅದನ್ನೂ ಮುಚ್ಚಬೇಕು.

ಹೆಜ್ಜೆ 4: ಹೊಲಕ್ಕೆ ಹಾಕುವುದು

ಇಷ್ಟೆಲ್ಲ ಮಾಡಿ ಉಳಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆಯಬಹುದು. ನಾನು ಕಳೆದಿದ್ದೇನೆ. ಬೆಳಿಗ್ಗೆಯೇ ಇಡೀ ಹೊಲಕ್ಕೆ ಬಗ್ಗಡ ಚೆಲ್ಲಿ ಮುಗಿಸಿದೆ, ಕುಂಟೆ ಹೊಡೆಯಲು ಶುರು ಮಾಡಿ ನಾಲ್ಕು ಸಾಲು ಆಗಿತ್ತು, ಕುಂಟೆಯ ಬೋಲ್ಟ್ ಮುರಿಯಿತು. ಸರಿಯಾಗಿ ಬರುವಷ್ಟರಲ್ಲಿ ಮಾರನೇ ದಿನ ಸಂಜೆ. ಹೊಲಕ್ಕೆ ಹೋದರೆ ವಾಸನೆಯೇ ಇಲ್ಲ, ಪರವಾಗಿಲ್ವೇ ಅಂತ ಖುಷಿಪಟ್ಟೆ. ಪೈರು ಮೊಣಕಾಲೆತ್ತರ ಬಂದಾಗ ಆ ನಾಲ್ಕು ಸಾಲು ಕಪ್ಪು ಹಸಿರು, ಉಳಿದದ್ದು ಹಳದಿ ತಿರುಗಿದ ಹಸಿರು. ದಾರಿಯಲ್ಲಿ ಹೋಗುವವರಿಗೂ ಕಾಣ್ತಾ ಇತ್ತು.

ಚೆಲ್ಲಿದ ಮೇಲೆ ಮೊದಲ ಕೆಲವು ಗಂಟೆಗಳೇ ಎಲ್ಲ. ಹಾರುವುದರಲ್ಲಿ ದೊಡ್ಡ ಪಾಲು ಆಗಲೇ ಹಾರುತ್ತದೆ. ಅದೇ ಯುರೋಪ್ ಮಾರ್ಗದರ್ಶಿಯ ಅಂಕಿ ನೋಡಿ: ಬಗ್ಗಡ ಚೆಲ್ಲಿದ ಕೂಡಲೇ ನೇಗಿಲು ಹೊಡೆದು ಮಗುಚಿದರೆ, ಹಾಗೇ ಬಿಟ್ಟಿದ್ದರೆ ಹಾರಿಹೋಗುತ್ತಿದ್ದ ಅಮೋನಿಯಾದಲ್ಲಿ ಶೇಕಡಾ 90ರಷ್ಟು ಉಳಿಯುತ್ತದೆ. ನಾಲ್ಕು ಗಂಟೆಯೊಳಗೆ ಆದರೆ 45ರಿಂದ 65. ಒಂದು ದಿನ ಬಿಟ್ಟರೆ 30ಕ್ಕೆ ಇಳಿಯುತ್ತದೆ. ಹಾಗಾಗಿ ಚೆಲ್ಲುವವರು ಮುಂದೆ, ಮುಚ್ಚುವವರು ಬೆನ್ನಿಗೇ. ಒಬ್ಬರೇ ಇದ್ದರೆ ಹೊಲವನ್ನು ತುಂಡು ಮಾಡಿಕೊಳ್ಳಿ, ಒಂದು ತುಂಡಿಗೆ ಚೆಲ್ಲಿ, ಮುಚ್ಚಿ, ಆಮೇಲೆ ಮುಂದಿನದು. ಬೋಲ್ಟನ್ನು ಹಿಂದಿನ ದಿನವೇ ನೋಡಿಕೊಳ್ಳಿ!

ತಿಪ್ಪೆ ಗೊಬ್ಬರಕ್ಕೂ ಇದೇ ಮಾತು. ಹೊಲದ ತುಂಬಾ ಗುಡ್ಡೆ ಗುಡ್ಡೆಯಾಗಿ ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಡುವ ಪದ್ಧತಿ ಇದೆಯಲ್ಲ, ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಉಳುವ ದಿನವೇ ಗಾಡಿ ಹೊಡೆಸಿ.

ನಿಂತ ಬೆಳೆಗೆ, ಹುಲ್ಲುಗಾವಲಿಗೆ ಉಳಲು ಆಗಲ್ಲ. ಅಲ್ಲಿ ಬಗ್ಗಡವನ್ನು ತಟ್ಟೆಗೆ ಬಡಿದು ಆಕಾಶಕ್ಕೆ ಎರಚುವ ಬದಲು ಪೈಪುಗಳಿಂದ ಬುಡದಲ್ಲಿ ಪಟ್ಟಿ ಪಟ್ಟಿಯಾಗಿ ಬಿಡಿ. ಪೈಪ್ ನೆಲಕ್ಕೆ ತಾಗಿ ಎಳೆದುಕೊಂಡು ಹೋದರೆ ಮೂರನೇ ಒಂದು ಭಾಗ ಉಳಿತಾಯ, ಸೀಳು ತೆಗೆದು ಮಣ್ಣೊಳಗೆ ಬಿಡುವ ಯಂತ್ರವಾದರೆ ಶೇಕಡಾ 70ಕ್ಕೂ ಮೇಲೆ. ಯಂತ್ರ ಇಲ್ಲವೇ? ನೀರು ಬೆರೆಸಿ ತೆಳ್ಳಗೆ ಮಾಡಿ, ಒಂದಕ್ಕೆ ಒಂದು. ತೆಳ್ಳಗಿದ್ದರೆ ಬೇಗ ಇಂಗುತ್ತದೆ, ಎಲೆ ಮೇಲೆ ಕೂತು ಒಣಗಲ್ಲ.

ಹೊತ್ತು ನೋಡಿ ಹೊರಡಿ. ಸಂಜೆ, ತಂಪು, ಗಾಳಿ ಬಿದ್ದಿರಬೇಕು. ಆಮೇಲೆ ಒಂದು ತುಂತುರು ಬಂದರೆ ಅದೃಷ್ಟ. ಜೋರು ಮಳೆ ಬರುವ ಲಕ್ಷಣ ಇದ್ದರೆ ಮಾತ್ರ ಬೇಡ, ಗೊಬ್ಬರ ಹಳ್ಳಕ್ಕೆ ಹೋಗುತ್ತದೆ.

ಹೆಜ್ಜೆ 5: ಮಣ್ಣೊಳಗೆ ಹೋದದ್ದೂ ಏಳಬಹುದು

ಇಲ್ಲಿ ನೈಟ್ರಸ್ ಆಕ್ಸೈಡ್ ಬರುತ್ತದೆ. ಅಮೋನಿಯಾ ಉಳಿಸಿದಿರಿ, ಅದು ಮಣ್ಣಲ್ಲಿ ನೈಟ್ರೇಟ್ ಆಯಿತು. ಬೇರು ಬೇಗ ಹೀರದಿದ್ದರೆ, ಮೇಲೆ ನೀರು ನಿಂತರೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರಸ್ ಆಕ್ಸೈಡ್ ಮಾಡಿ ಮೇಲಕ್ಕೆ ಕಳಿಸುತ್ತವೆ. ಸೀಳಿನಲ್ಲಿ ಒತ್ತಾಗಿ ಬಗ್ಗಡ ತುಂಬಿದಾಗ ಇದು ಜಾಸ್ತಿ. ಅದಕ್ಕೇ ನೀರು ನಿಂತ ನೆಲಕ್ಕೆ, ಹೆಜ್ಜೆ ಇಟ್ಟರೆ ಪಚಕ್ ಅನ್ನುವ ಹದದಲ್ಲಿ ಗೊಬ್ಬರ ಹಾಕಬೇಡಿ. ಬಿತ್ತನೆಗೆ ತಿಂಗಳುಗಟ್ಟಲೆ ಮುಂಚೆಯೂ ಬೇಡ. ಮುಖ್ಯವಾಗಿ, ಗೊಬ್ಬರದಲ್ಲಿ ಉಳಿಸಿದ ಸಾರಜನಕವನ್ನು ಚೀಲದ ಗೊಬ್ಬರದ ಲೆಕ್ಕದಿಂದ ಕಳೆಯಿರಿ. ಉಳಿಸಿ, ಮೇಲೆ ಎಂದಿನಷ್ಟೇ ಯೂರಿಯಾ ಎರಚಿದರೆ ಅನಿಲದ ಹೆಸರು ಬದಲಾಯಿತು, ಅಷ್ಟೇ.

ಕೆಲಸ ಸರಿಯಾಯಿತೋ ಇಲ್ಲವೋ ಅಂತ ನೋಡಲು ಅದೇ ಲಿಟ್ಮಸ್ ಸಾಕು. ಹೊಲದಲ್ಲಿ ಎರಡು ಅಡಿ ಜಾಗವನ್ನು ಬೇಕಂತಲೇ ಮುಚ್ಚದೆ ಬಿಡಿ. ಎರಡು ಬಕೆಟ್ ತಗೊಂಡು, ಒಳಗಿನ ತಳಕ್ಕೆ ಒದ್ದೆ ಕೆಂಪು ಲಿಟ್ಮಸ್ ಅಂಟಿಸಿ, ಒಂದನ್ನು ಮುಚ್ಚದ ಜಾಗದ ಮೇಲೆ, ಇನ್ನೊಂದನ್ನು ಮಣ್ಣು ಮಗುಚಿದ ಜಾಗದ ಮೇಲೆ ಬೋರಲು ಹಾಕಿ. ಕಾಲು ಗಂಟೆ ಬಿಟ್ಟು ಎತ್ತಿ ನೋಡಿ. ಎರಡನೇ ಬಕೆಟ್ಟಿನ ಕಾಗದವೂ ಮೊದಲನೆಯದರಷ್ಟೇ ನೀಲಿಯಾಗಿದ್ದರೆ, ಮಣ್ಣು ಸಾಲದು ಅಂತ ಅರ್ಥ. ಕುಂಟೆಯನ್ನು ಇನ್ನೊಂದು ಬೆರಳು ಆಳಕ್ಕೆ ಇಳಿಸಿ ಮತ್ತೊಂದು ಸುತ್ತು ಹೊಡೆಯಿರಿ.